ಮುಂದಿನ ಸಾಲಿಗೆ ಬನ್ನಿ, ಮೇಡಂ!

"ಈ ಭಾನುವಾರ ಚರ್ಚಿಗೆ ಬರೋ ಹೊಸಬರೆಲ್ಲ ನನ್ನ ಪಾಲು! ಆ ಬೇಕರಿಯವನಿಗೆ ಒಂದು ನರಪಿಳ್ಳೆಯೂ ಸಿಗಬಾರದು!" ಎಂದು ಟೈಲರ್ ಕನ್ನಡಿಯ ಮುಂದೆ ನಿಂತು ಘೋರ ಪ್ರತಿಜ್ಞೆ ಮಾಡಿದ.

ಚರ್ಚಿನ ಬಾಗಿಲಲ್ಲಿ ನಿಂತು ಬಂದವರನ್ನು ಸ್ವಾಗತಿಸುವುದು ಎಷ್ಟೋ ಕಾಲದಿಂದ ಅವನೊಬ್ಬನದೇ ಸಾಮ್ರಾಜ್ಯ. ಈಚೆಗೆ ಪಾದ್ರಿಗಳು ಇನ್ನೊಂದು ಪಕ್ಕಕ್ಕೆ ಬೇಕರಿಯವನನ್ನು ನಿಲ್ಲಿಸಿದ್ದೇ ತಡ, ಹೊಸಬರೆಲ್ಲ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಅತ್ತಲೇ! ಸಾಲದ್ದಕ್ಕೆ, ಮುಂದಿನ ವಾರದಿಂದ ಬಾಗಿಲಿಗೆ ಒಬ್ಬರೇ ಸಾಕು, ಯಾರೆಂದು ಈ ಭಾನುವಾರ ನೋಡಿ ಹೇಳುತ್ತೇನೆ ಎಂದು ಪಾದ್ರಿಗಳು ಹೇಳಿಬಿಟ್ಟಿದ್ದರು.

ಮನೆಯಲ್ಲಾದರೂ ಸಮಾಧಾನ ಉಂಟೇ?

"ಬೇಕರಿಯವ್ರು ಮುಖ ನೋಡಿ ಎಷ್ಟು ಚೆನ್ನಾಗಿ ಮಾತಾಡಿಸ್ತಾರೆ! ನೀವೋ, ಬಂದವ್ರ ಕಾಲರ್ ಜೊತೆ ಮಾತಾಡ್ತೀರಿ," ಎಂದಳು ಹೆಂಡತಿ.

"ಬನ್ ಮಾರೋನಿಗೆ ‘ಬನ್ನಿ’ ಅನ್ನೋದು ಕಷ್ಟಾನೇನೇ?"

ಹೇಳಿದ್ದೇನೋ ಹೇಳಿದ, ಹೊಟ್ಟೆಕಿಚ್ಚು ಆರಲಿಲ್ಲ. ಆ ಉರಿಯಲ್ಲಿ ಬೇಕರಿಯವನು ಒಂದು ದಿನದ ಬ್ರೆಡ್ಡನ್ನೇ ಬೇಯಿಸಿಕೊಳ್ಳಬಹುದಿತ್ತು!

ಭಾನುವಾರ ಅವನು ಹೆಂಡತಿಗೂ ಕಾಯದೆ ಮೊದಲೇ ಹೋಗಿ, ಗತ್ತಿಗೆ ಅಡ್ಡಿಯೆಂದು ಕನ್ನಡಕ ತೆಗೆದು ಜೇಬಿಗಿಟ್ಟು, ಬಾಗಿಲಲ್ಲಿ ಎದೆಯುಬ್ಬಿಸಿ ನಿಂತ. ಸವೆದ ಅಂಗಿಯ ಮುದುಕರೊಬ್ಬರು ಅಳುಕುತ್ತ ಬಂದರು.

"ಒಳಗೆ... ಬರಬಹುದಾ?"

ಅಷ್ಟರಲ್ಲಿ ಅವರ ಹಿಂದೆ ಮೆಟ್ಟಿಲ ಮೇಲೆ ಒಂದು ನೀಲಿ ಕೋಟು ಕಂಡಿತು. ಟೈಲರ್ ಕಣ್ಣು ಕಿರಿದು ಮಾಡಿದ. ಮುಖ ಮಸುಕು, ಆದರೆ ಕೋಟಿನ ಆಕಾರವೇ ಸಾಕು: ಹೊಲಿಗೆ ತನ್ನದಲ್ಲ. ಈ ಊರಿನ ಯಾವ ಟೈಲರನದೂ ಅಲ್ಲ. ಅಂದಮೇಲೆ ಹೊಸಬರೇ!

"ಸ್ವಲ್ಪ ಪಕ್ಕಕ್ಕೆ ಸರ್ಕೊಳ್ಳಿ ಯಜಮಾನ್ರೇ, ಹೊಸಬರು ಬರ್ತಿದ್ದಾರೆ!" ಎಂದು ಮುದುಕರನ್ನು ದಾಟಿ ನೆಗೆದೇಬಿಟ್ಟ.

"ಬನ್ನಿ ಮೇಡಂ, ಬನ್ನಿ! ಮೊದಲ್ನೇ ಸಲಾನಾ?"

"ಹೂಂ. ಮೊದಲ್ನೇ ಸಲ," ಎಂದಿತು ಕೋಟಿನೊಳಗಿನ ಮೆಲುದನಿ.

"ಮುಂದಿನ ಸಾಲಲ್ಲೇ ಕೂತ್ಕೊಳ್ಳಿ! ನಡೆದು ಸುಸ್ತಾಯ್ತಾ? ನೀರು ತರಲಾ?" ಎಂದು ಒಳಗೆ ಕರೆದೊಯ್ದು, ಬೇಕರಿಯವನಿಗೆ ಕಾಣುವಂತೆ ತನ್ನ ಕರವಸ್ತ್ರದಿಂದಲೇ ಬೆಂಚು ಒರೆಸಿದ. ಹಿಂದಿನ ಸಾಲುಗಳಲ್ಲಿ ಕಿಸಕ್ಕೆಂದು ನಗು ಎದ್ದಿತು. ತಿರುಗಿ ನೋಡಿದರೆ ಬೇಕರಿಯವನು ಮುದುಕರ ಕೈ ಹಿಡಿದು ಒಳಗೆ ಕರೆತರುತ್ತಿದ್ದ. ಪಾದ್ರಿಗಳು ನೋಡುತ್ತಿದ್ದರು.

"ರೀ, ಕನ್ನಡಕ ಹಾಕ್ಕೊಳ್ಳಿ," ಎಂದಿತು ಕೋಟು.

ಹಾಕಿಕೊಂಡ. ಎದುರಿಗೆ ಸಾಕ್ಷಾತ್ ಹೆಂಡತಿ!

"ಇದೆಲ್ಲಿಂದ ಬಂತೇ ಈ ಕೋಟು?"

"ರೆಡಿಮೇಡ್. ನಾನು ಕೊಟ್ಟ ಬಟ್ಟೆ ನಿಮ್ಮ ಅಂಗಡೀಲಿ ಇನ್ನೂ ಧೂಳು ತಿಂತಾ ಇದ್ಯಲ್ಲ!"

"ಮತ್ತೆ ಮೊದಲ್ನೇ ಸಲ ಅಂತ ಯಾಕೆ ಸುಳ್ಳು ಹೇಳ್ದೆ? ನನ್ನ ಬಾಗಿಲು ಹೋಯ್ತಲ್ಲೇ!"

"ಸುಳ್ಳೇನು ಬಂತು? ಮದುವೆಯಾದಾಗಿಂದ ನೀವು ನನ್ನನ್ನ ಹೀಗೆ ಕರೆದು ಕೂರಿಸಿದ್ದು ಇದೇ ಮೊದಲ್ನೇ ಸಲ," ಎಂದು ಅವಳು ಬೆಂಚಿಗೆ ಆರಾಮಾಗಿ ಒರಗಿದಳು. "ಎಲ್ರೀ, ಆ ನೀರು?"