ನಾನು ಕಾದ ಗೆರೆ

ಪ್ರಾಮಾಣಿಕ ಎಂಬ ಹೆಸರು ಒಮ್ಮೆ ಬಂದುಬಿಟ್ಟರೆ ಅದನ್ನು ಕಳೆದುಕೊಳ್ಳುವುದು ಎಷ್ಟು ಕಷ್ಟವೆಂದು ನನ್ನನ್ನು ಕೇಳಿ. ನಾಲ್ಕು ವರ್ಷದಿಂದ ಆ ಹೆಸರನ್ನು ಹೊತ್ತು ತಿರುಗುತ್ತಿದ್ದೇನೆ. "ನಮ್ಮ ಮನೆಯವ್ರ ಬಾಯಲ್ಲಿ ಸುಳ್ಳೇ ಬರಲ್ಲ" ಎಂದು ನನ್ನ ಹೆಂಡತಿ ರಾಜಾಜಿನಗರದ ಅರ್ಧ ಬ್ಲಾಕಿಗೆ ಸಾರಿದ್ದಾಳೆ. ಹೀಗಾಗಿ ಕೆಲಸದಿಂದ ತಡವಾಗಿ ಬಂದ ದಿನ ಒಂದು ಸಣ್ಣ ನೆಪ ಹೇಳುವ ಸುಖವೂ ನನಗಿಲ್ಲ. ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದಿದ್ದರೆ ತಿಂದೆ ಎಂದೇ ಹೇಳಿ, ರಾತ್ರಿಯ ಊಟಕ್ಕೆ ಬರಿಯ ಮಜ್ಜಿಗೆ ಅನ್ನ ಉಣ್ಣಬೇಕು.

ಈ ಹೆಸರು ಬಂದದ್ದು ಬಾಲ್ ಬ್ಯಾಡ್ಮಿಂಟನ್ನಿನಿಂದ. ಆಟ ಬಲ್ಲವರನ್ನು ಹುಡುಕಿ ತಂದು ಕಾರ್ಖಾನೆಯಲ್ಲಿ ಕೆಲಸ ಕೊಡುತ್ತಿದ್ದ ಕಾಲ ಅದು. ನಮ್ಮ ಕಾರ್ಖಾನೆಯ ತಂಡದ ಐದು ಜನರೂ ಹಾಗೆ ಬ್ಯಾಟು ಹಿಡಿದೇ ಒಳಗೆ ಬಂದವರು. ನಾನು ಆರನೆಯವ. ಯಾರಿಗಾದರೂ ಜ್ವರ ಬಂದರೆ ಆಡಬೇಕಾದವನು. ಆ ಐವರ ಆರೋಗ್ಯ ಎಷ್ಟು ಗಟ್ಟಿಯಾಗಿತ್ತೆಂದರೆ ನಾನು ಏಳು ಸೀಸನ್ ಅವರ ವಾಚು, ಉಂಗುರ, ಟವಲು ಕಾದುಕೊಂಡು ಕೂತೆ. ಆದರೆ ಆಟವನ್ನು ಪೂರ್ತಿ ನೋಡಿದವನು ನಾನೊಬ್ಬನೇ. ಕೆಂಗೇರಿಯಲ್ಲಿ ಎಮ್ಮೆಯೊಂದು ಅಂಗಳದ ನಡುವೆ ಮಲಗಿ, ಅದು ತಾನಾಗಿ ಏಳುವವರೆಗೂ ಎರಡೂ ತಂಡದವರು ಕಡಲೆಕಾಯಿ ತಿನ್ನುತ್ತ ಕಾದದ್ದು, ಬ್ಯಾಡರಹಳ್ಳಿಯ ಬಯಲಿನಲ್ಲಿ ಗಾಳಿ ಜೋರಾಗಿ, ನಾವು ಹೊಡೆದ ಉಣ್ಣೆಯ ಚೆಂಡು ಬಲೆ ದಾಟಿ ಮತ್ತೆ ನಮ್ಮ ಕಡೆಗೇ ಬಂದು ಬಿದ್ದದ್ದು, ಎಲ್ಲವೂ ನನಗೆ ಕಣ್ಣಿಗೆ ಕಟ್ಟಿದಂತಿದೆ. ಒಂದೇ ಒಂದು ಚೆಂಡನ್ನು ಮಾತ್ರ ನಾನು ನೋಡಲಿಲ್ಲ.

ನಮ್ಮ ಕ್ಯಾಪ್ಟನ್ ಗಂಗಾಧರಯ್ಯ, ಎಲ್ಲರಿಗೂ ಗಂಗಣ್ಣ. ಎದುರಾಳಿಯ ಹಿಂದಿನ ಗೆರೆಯ ಮೇಲೆ ಸರಿಯಾಗಿ ಚೆಂಡು ಇಳಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ನಾಲ್ಕು ವರ್ಷದ ಹಿಂದೆ ಮೊದಲ ಸಲ ಫೈನಲ್ ತಲುಪಿದ್ದೆವು. ಗೆರೆ ಕಾಯಲು ಎರಡೂ ತಂಡದಿಂದ ಒಬ್ಬೊಬ್ಬರನ್ನು ಕೂರಿಸುವ ಪದ್ಧತಿ. ನಮ್ಮ ಪಾಲಿನವನು ನಾನು, ಎದುರಾಳಿಯ ಹಿಂದಿನ ಗೆರೆಯ ತುದಿಯಲ್ಲಿ ಕುಕ್ಕರಗಾಲಿನಲ್ಲಿ. ಅವತ್ತು ಹೊಸ ಟೆರಿಲಿನ್ ಪ್ಯಾಂಟು ಹಾಕಿದ್ದೆ. ಕೊನೆಯ ಗೇಮು. ಇನ್ನೊಂದು ಪಾಯಿಂಟು ಬಂದರೆ ಕಪ್ಪು ನಮ್ಮದು. ಗಂಗಣ್ಣ ಚೆಂಡನ್ನು ಎತ್ತಿ ಹೊಡೆದರು. ಅದೇ ಹೊತ್ತಿಗೆ ನನ್ನ ಪ್ಯಾಂಟಿಗೆ ಗೆರೆಯ ಸುಣ್ಣ ಮೆತ್ತಿಕೊಂಡದ್ದು ಕಂಡು ನಾನು ಅದನ್ನು ಕೊಡವುತ್ತಿದ್ದೆ.

ತಲೆಯೆತ್ತಿದಾಗ ಚೆಂಡು ಬಿದ್ದು ಹೊರಳುತ್ತಿತ್ತು. ಅಂಪೈರ್, ಆಟಗಾರರು, ಸುತ್ತ ನಿಂತ ಜನ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನೋಡಲಿಲ್ಲ ಎನ್ನಲು ಧೈರ್ಯ ಸಾಲಲಿಲ್ಲ. ಒಳಗೆ ಎಂದರೆ ತಂಡದ ಪರ ಮೋಸ ಮಾಡಿದ ಎಂದಾರು ಎಂಬ ಹೆದರಿಕೆ. ಹೊರಗೆ ಎಂದು ಕೈ ಎತ್ತಿಬಿಟ್ಟೆ. ಆಮೇಲೆ ಪಾಯಿಂಟಿನ ಮೇಲೆ ಪಾಯಿಂಟು ಹೋಗಿ ನಾವು ಸೋತೆವು. ಗೆದ್ದ ತಂಡದವರು ನನ್ನನ್ನು ವೇದಿಕೆಗೆ ಕರೆದು ಹಾರ ಹಾಕಿದರು. "ಸ್ವಂತ ತಂಡದ ವಿರುದ್ಧ ಸತ್ಯ ಹೇಳಿದ ಮಹನೀಯರು" ಎಂದು ಭಾಷಣವಾಯಿತು. ನಮ್ಮ ಮ್ಯಾನೇಜರು ಮರುವಾರವೇ ನನ್ನನ್ನು ಸ್ಟೋರ್ಸಿಗೆ ಹಾಕಿ ಬೀಗದ ಕೈ ಕೊಟ್ಟರು. ಗಂಗಣ್ಣ ಬೆನ್ನು ತಟ್ಟಿ, "ಒಳ್ಳೇ ಕೆಲ್ಸ ಮಾಡ್ದೆ ಬಿಡಯ್ಯ ಮೂರ್ತಿ" ಎಂದಷ್ಟೇ ಹೇಳಿದ್ದರು.

ಈ ವರ್ಷ ಗಂಗಣ್ಣನಿಗೆ ಲಕ್ವ ಹೊಡೆಯಿತು. ಬ್ಯಾಟು ಹಿಡಿಯುತ್ತಿದ್ದ ಬಲಗೈಯೇ ಬಿದ್ದುಹೋಯಿತು. ಹೊಸಹಳ್ಳಿಯ ಅವರ ಮನೆಗೆ ಪ್ರತಿ ಭಾನುವಾರ ಹೋಗಿ ಹಳೆಯ ಪಂದ್ಯಗಳನ್ನು ಹೇಳುವುದು ನನ್ನ ಕೆಲಸವಾಯಿತು. ಎಮ್ಮೆಯ ಕಥೆಗೆ ಅವರು ಅರ್ಧ ಬಾಯಲ್ಲೇ ನಗುತ್ತಿದ್ದರು. ಫೈನಲ್ಲಿನ ಸುದ್ದಿಯನ್ನು ನಾನು ಎತ್ತುತ್ತಿರಲಿಲ್ಲ. ಒಂದು ಭಾನುವಾರ ಅವರೇ ಎತ್ತಿದರು.

"ಮೂರ್ತಿ, ನೀನು ಪಕ್ಕದಲ್ಲೇ ಕೂತಿದ್ದೆ. ಆ ಚೆಂಡು ಎಷ್ಟು ಹೊರಗೆ ಬಿತ್ತಯ್ಯ? ಬೆರಳಷ್ಟಾ, ಗೇಣುದ್ದಾನಾ?"

"ಯಾಕೆ ಗಂಗಣ್ಣ ಈಗ ಅದು?"

"ಹೊಡೆದಾಗ ಸರಿಯಾಗೇ ಇತ್ತು ಅನ್ನಿಸ್ತು. ನೀನು ಹೊರಗೆ ಅಂದೆ. ನೀನು ಸುಳ್ಳು ಹೇಳೋನಲ್ಲ. ಅಲ್ಲಿಗೆ ನನ್ನ ಕೈ ಮೇಲೇ ನಂಬಿಕೆ ಹೋಯ್ತು. ಆಮೇಲೆ ಗೆರೆಗೆ ಹೊಡೆಯೋದೇ ಬಿಟ್ಟೆ ಕಣಯ್ಯ. ಎಲ್ಲಾನೂ ಒಳಗೊಳಗೇ ಹಾಕ್ದೆ."

ಫೈನಲ್ ಆದಮೇಲಿನ ಮೂರು ಸೀಸನ್ನೂ ನಾವು ಮೊದಲ ಸುತ್ತಿನಲ್ಲೇ ಸೋತಿದ್ದೆವು. ಕ್ಯಾಪ್ಟನ್ನಿಗೆ ವಯಸ್ಸಾಯಿತು ಎಂದು ಕ್ಯಾಂಟೀನಿನಲ್ಲಿ ಮಾತಾಡಿಕೊಂಡವರಲ್ಲಿ ನಾನೂ ಒಬ್ಬ. ತಡೆಯಲಾರದೆ ಪ್ಯಾಂಟು, ಸುಣ್ಣ, ಹೆದರಿಕೆ ಎಲ್ಲವನ್ನೂ ಹೇಳಿಬಿಟ್ಟೆ. ಹೇಳುವಾಗ ಅಳುವೂ ಬಂತು.

ಗಂಗಣ್ಣ ಬೈಯಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಮುಖದಲ್ಲಿ ಏನೋ ಬೆಳಕು ಬಂದಿತ್ತು.

"ಹಾಗಾದ್ರೆ ಒಳಗೇ ಬಿದ್ದಿತ್ತು ಅನ್ನು."

ಹೂಂ ಎಂದಿದ್ದರೆ ಸಾಕಾಗಿತ್ತು. ಆ ಕೈ ತಪ್ಪಿರಲಿಲ್ಲವೆಂದು ಆ ಮನುಷ್ಯ ನೆಮ್ಮದಿಯಾಗಿ ಇರುತ್ತಿದ್ದರು. ಆದರೆ ಆ ಚೆಂಡಿನ ವಿಷಯದಲ್ಲಿ ನಾಲ್ಕು ವರ್ಷಕ್ಕೆ ಆಗತಾನೆ ಒಂದು ನಿಜ ಹೇಳಿದ್ದೆನಲ್ಲ, ಅದರ ಅಮಲು ಇನ್ನೂ ಇಳಿದಿರಲಿಲ್ಲ.

"ಅದು ನಂಗೆ ಗೊತ್ತಿಲ್ಲ ಗಂಗಣ್ಣ. ನಾನು ನೋಡ್ಲೇ ಇಲ್ವಲ್ಲ" ಎಂದೆ.

ಅವರು "ಸರಿ ಬಿಡು" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅವರ ಹೆಂಡತಿ ಜಯಮ್ಮ ಗೇಟಿನವರೆಗೂ ಬಂದರು. ಕಣ್ಣು ಒದ್ದೆಯಾಗಿತ್ತು. "ಇಷ್ಟು ದಿನ ಆದ್ಮೇಲೆ ಯಾರು ಬಂದು ಒಪ್ಕೋತಾರೆ ಹೇಳಿ? ಒಂದು ಮಾತು ಹೆಚ್ಚಿಲ್ಲ, ಕಮ್ಮಿ ಇಲ್ಲ. ನಿಮ್ಮ ವಿಷ್ಯ ಎಲ್ರೂ ಹೇಳೋದು ನಿಜಾನೇ" ಎಂದರು. ಛೆ, ಅದೆಲ್ಲ ಬೇಡ ಅತ್ತಿಗೆ ಎನ್ನಬೇಕಿತ್ತು. ಕೈಮುಗಿದು ಸೈಕಲ್ ಹತ್ತಿದೆ. ಮಾಗಡಿ ರಸ್ತೆಯ ಏರು ಮುಗಿಯುವವರೆಗೂ ನನಗೆ ಆ ಮಾತಿನಿಂದ ಸಂತೋಷವಾಗುತ್ತಲೇ ಇತ್ತು.