ಕೊನೇ ಕೋಣೆಯ ಕಾವಲು

ಮಾತ್ರೆ ನಿಲ್ಲಿಸಲು ಹೇಳಿದ್ದು ಡಾಕ್ಟರಲ್ಲ, ಎದುರು ಮನೆಯ ನಿವೃತ್ತರು. ಅವರು ನಿವೃತ್ತರಾದದ್ದು ನೀರು ಸರಬರಾಜು ಕಚೇರಿಯಿಂದ. ಆದರೂ ಓಣಿಯಲ್ಲಿ ಯಾರಿಗೆ ಏನೇ ಆದರೂ ಮೊದಲು ನಾಡಿ ಹಿಡಿಯುವವರು ಅವರೇ. ಒಂದು ಬೆಳಿಗ್ಗೆ ಡ್ರಾಯಿಂಗ್ ಮೇಷ್ಟ್ರು ಬಾಗಿಲಲ್ಲಿ ನಿಂತು ಮಾತ್ರೆ ನುಂಗುವುದನ್ನು ಅವರು ನೋಡಿಬಿಟ್ಟರು.

"ಏನ್ ಮೇಷ್ಟ್ರೇ, ಗುಂಡುಕಲ್ಲಿನ ಹಾಗಿದೀರಿ. ಎಷ್ಟೋ ತಿಂಗಳಿಂದ ಒಂದು ತೊಂದರೇನೂ ಇಲ್ಲ ಅಂತೀರಿ. ಮತ್ತೆ ಕಡಲೆಬೀಜ ತಿಂದ ಹಾಗೆ ಇದನ್ನ ಯಾಕ್ರೀ ತಿಂತೀರಿ? ಒಳಗಿರೋದೆಲ್ಲ ಸುಟ್ಟು ಹೋಗತ್ತೆ."

ಡಾಕ್ಟರು ಹೇಳಿದ್ದು ಇದಕ್ಕೆ ತದ್ವಿರುದ್ಧ. "ಇದು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಗೋಡೆ ತುಂಬ ಹುಣ್ಣು. ಮಾತ್ರೆಯಿಂದ ಹೋಗಿಬಿಡೋ ಕಾಯಿಲೆ ಅಲ್ಲ, ಮಲಗಿಸಿ ಇಡೋ ಕಾಯಿಲೆ. ಚೆನ್ನಾಗಿದೀನಿ ಅಂತ ಮಾತ್ರೆ ಬಿಟ್ರೆ ಎದ್ದು ಕೂರತ್ತೆ. ಇನ್ನೊಂದು ಸಲ ಜೋರಾಗಿ ಎದ್ರೆ ಆಸ್ಪತ್ರೆಗೆ ಸೇರಿಸ್ಬೇಕಾಗತ್ತೆ. ಆಪರೇಷನ್ ಮಾತೂ ಬರಬಹುದು."

ಆದರೆ ಡಾಕ್ಟರು ಇರುವುದು ಊರಿನ ಆ ತುದಿಯಲ್ಲಿ, ನಿವೃತ್ತರು ಇರುವುದು ಎದುರು ಮನೆಯಲ್ಲಿ. ಮೇಷ್ಟ್ರು ಮಾತ್ರೆ ಬಿಟ್ಟರು. ಹೆಂಡತಿಗೆ ಹೇಳಲಿಲ್ಲ.

ಶಾಲೆಯ ದೊಡ್ಡ ಪರೀಕ್ಷೆಯ ದಿನವೇ ನೋಡಿಕೊಂಡು ಕಾಯಿಲೆ ಎದ್ದು ಕೂತಿತು.

ಬೆಳಿಗ್ಗೆ ಬಚ್ಚಲಲ್ಲಿ ಕೆಳಗೆ ನೋಡಿದ ಮೇಷ್ಟ್ರಿಗೆ ಮೊದಲು ಕಂಡದ್ದು ಕೆಂಪು. ಬಣ್ಣದ ವಿಷಯದಲ್ಲಿ ಅವರ ಕಣ್ಣು ತಪ್ಪುವುದಿಲ್ಲ. ಇದು ಕುಂಕುಮದ ಕೆಂಪಲ್ಲ, ಇಟ್ಟಿಗೆಯ ಕೆಂಪೂ ಅಲ್ಲ. ಇದು ರಕ್ತವೇ. ಆಸ್ಪತ್ರೆಯ ಮಂಚ, ಮೂಗಿಗೆ ಬಡಿಯುವ ಫಿನಾಯಿಲ್ ವಾಸನೆ, ಹೊಟ್ಟೆಯ ಮೇಲೆ ಹಸಿರು ಬಟ್ಟೆ ಎಲ್ಲವೂ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು.

ಹೊರಗಿನಿಂದ ಮಗಳು ಬಾಗಿಲು ಬಡಿದಳು. "ಅಪ್ಪಾ, ನನ್ನ ಆಟೋ ಬರತ್ತೆ. ನಾನು ಹಲ್ಲುಜ್ಜೋದು ಯಾವಾಗ?"

"ಬಂದೆ ಪುಟ್ಟಿ."

"ಆಗ್ಲೂ ಬಂದೆ ಅಂದ್ರಿ. ಹೊರಗೆ ಬಂದು ಮತ್ತೆ ಒಳಗೆ ಹೋದ್ರಿ."

ಹೆಂಡತಿ ನೇರವಾಗಿ ಕಪಾಟಿಗೆ ಹೋಗಿ ಮಾತ್ರೆಯ ಡಬ್ಬಿ ಅಲ್ಲಾಡಿಸಿದಳು. ಖಾಲಿಯಾಗಿರಬೇಕಿದ್ದ ಡಬ್ಬಿ ಗಿಲಕಿಯ ಹಾಗೆ ಸದ್ದು ಮಾಡಿತು.

"ಯಾರು ಬಿಡೋಕೆ ಹೇಳಿದ್ದು?"

ಮೇಷ್ಟ್ರು ಕಿಟಕಿಯಿಂದ ಎದುರು ಮನೆ ನೋಡಿದರು. ಅಷ್ಟೇ ಸಾಕಾಯಿತು. ಅವಳು ಡಾಕ್ಟರಿಗೆ ಫೋನು ಮಾಡಿ, ಬೈಸಿಕೊಂಡು, ಇಟ್ಟಳು. "ಇವತ್ತೇ ಸಂಜೆ ಐದರೊಳಗೆ ಬರ್ಬೇಕಂತೆ. ನಾಳೆ ಅಂದ್ರೆ ನೇರ ಆಸ್ಪತ್ರೆಗೇ ಹೋಗಿ ಅಂದ್ರು. ನೀವು ರಜ ಹಾಕಿ."

"ಪರೀಕ್ಷೆ ಡ್ಯೂಟಿಗೆ ರಜ ಕೊಡಲ್ಲ ಕಣೇ. ಕಾಯಿಲೆ ಏನು ಅಂತ ಹೆಡ್‌ಮೇಡಂ ಕೇಳ್ತಾರೆ. ಅವರಿಗೆ ಹೇಳಿದ್ದು ಮಧ್ಯಾಹ್ನದೊಳಗೆ ಸ್ಟಾಫ್ ರೂಮಿಗೆಲ್ಲ ಪಾಠ ಆಗತ್ತೆ. ಆಮೇಲೆ ನಾನು ಎದ್ದು ನಿಂತ್ರೆ ಸಾಕು, ಎಲ್ರೂ ದಾರಿ ಬಿಡ್ತಾರೆ. ಮಕ್ಕಳಿಗೆ ಗೊತ್ತಾದ್ರೆ ಹೆಸರಿಡ್ತಾರೆ. ಪರೀಕ್ಷೆ ಮಧ್ಯಾಹ್ನ ಒಂದು ಗಂಟೆಗೆ ಮುಗಿಯತ್ತೆ. ನೇರ ಡಾಕ್ಟರ ಹತ್ರ ಹೋಗ್ತೀನಿ."

ಅವಳು ಚೀಲಕ್ಕೆ ಒಂದು ಬದಲಿ ಪ್ಯಾಂಟು, ಒಂದು ಟವೆಲು, ಒಂದು ಸೋಪು, ನೀರಿನ ಬಾಟಲಿ ತುರುಕಿದಳು. ಮೇಷ್ಟ್ರು ಪರೀಕ್ಷೆಗೆ ಹೊರಟಿದ್ದಾರೋ ತೀರ್ಥಸ್ನಾನಕ್ಕೋ ತಿಳಿಯದಂತಿತ್ತು.

ಮನೆಯಿಂದ ಶಾಲೆಗೆ ಹೋಗುವ ದಾರಿಯನ್ನು ಮಿಕ್ಕವರು ಅಂಗಡಿ, ತಿರುವು ನೋಡಿ ಗುರುತಿಡುತ್ತಾರೆ. ಮೇಷ್ಟ್ರ ತಲೆಯಲ್ಲಿದ್ದ ನಕಾಶೆಯೇ ಬೇರೆ. ಪೆಟ್ರೋಲ್ ಬಂಕು: ಶೌಚಾಲಯಕ್ಕೆ ಬಾಗಿಲಿದೆ, ಚಿಲಕವಿಲ್ಲ. ಗ್ರಂಥಾಲಯ: ಒಳ್ಳೆಯದು, ಹತ್ತು ಗಂಟೆಗೆ ಮುಂಚೆ ತೆರೆಯುವುದಿಲ್ಲ. ಬ್ಯಾಂಕು: ಖಾತೆ ಇದ್ದವರಿಗೂ ಇಲ್ಲ. ಆ ದಿನ ಅವರು ಪೆಟ್ರೋಲ್ ಬಂಕಿನಲ್ಲಿ ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡೇ ಕೂತು, ಬೆವರು ಒರೆಸಿಕೊಂಡು ಶಾಲೆ ಮುಟ್ಟಿದರು.

ಅಲ್ಲಿ ಯಾರಿಗೆ ಯಾವ ಕೋಣೆ ಎಂದು ಹಂಚುವುದು ಲೆಕ್ಕದ ಮೇಷ್ಟ್ರ ಕೆಲಸ. ಪರೀಕ್ಷೆ ನಡೆಯುವಾಗ ವರಾಂಡದಲ್ಲಿ ತಿರುಗುತ್ತ, ಯಾರಾದರೂ ಹೊರಗೆ ಹೋಗಬೇಕೆಂದರೆ ಅವರ ಕೋಣೆ ಕಾಯುವುದೂ ಅವರೇ. ಡ್ರಾಯಿಂಗ್ ಮೇಷ್ಟ್ರಿಗೆ ಮಹಡಿಯ ಮೇಲಿನ, ಗಾಳಿ ಬೆಳಕು ಚೆನ್ನಾಗಿರುವ ಕೋಣೆ ಬಿದ್ದಿತ್ತು.

"ಸಾರ್, ನಂಗೆ ಕೆಳಗಿನ ಕೊನೇ ಕೋಣೆ ಕೊಡಿ."

ಲೆಕ್ಕದ ಮೇಷ್ಟ್ರು ಕನ್ನಡಕ ಮೂಗಿನ ತುದಿಗೆ ಇಳಿಸಿದರು. ಕೊನೇ ಕೋಣೆಯ ಪಕ್ಕಕ್ಕೇ ಹುಡುಗರ ಶೌಚಾಲಯ. ಆ ಕೋಣೆಗೆ ಬಿದ್ದವರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹೋಗುವುದು ವಾಡಿಕೆ.

"ಆ ಕೋಣೇನ ಇಷ್ಟು ವರ್ಷದಲ್ಲಿ ಯಾರೂ ಬಾಯಿಬಿಟ್ಟು ಕೇಳಿದ್ದಿಲ್ಲ. ಏನು ವಿಶೇಷ?"

"ಮಂಡಿ ನೋವು ಸಾರ್. ಮೆಟ್ಟಿಲು ಹತ್ತೋಕಾಗಲ್ಲ."

"ನಿನ್ನೆ ಮೆಟ್ಟಿಲ ಮೇಲೆ ಓಡ್ತಿದ್ರಲ್ಲ."

"ಅದಕ್ಕೇ ಸಾರ್ ಇವತ್ತು ನೋವು."

ಕೋಣೆ ಸಿಕ್ಕಿತು. ಜೊತೆಗೆ ಲೆಕ್ಕದ ಮೇಷ್ಟ್ರ ಅನುಮಾನವೂ ಸಿಕ್ಕಿತು. ಫೋನನ್ನು ನಿಯಮದಂತೆ ಹೆಡ್‌ಮೇಡಂ ಮೇಜಿನ ಮೇಲೆ ಇಟ್ಟು, ಚೀಲವನ್ನು ಎದೆಗವಚಿಕೊಂಡು ಡ್ರಾಯಿಂಗ್ ಮೇಷ್ಟ್ರು ಕೊನೇ ಕೋಣೆ ಸೇರಿದರು.

ಪ್ರಶ್ನೆಪತ್ರಿಕೆ ಹಂಚಿ ಮುಗಿಯುವಷ್ಟರಲ್ಲಿ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಮೇಷ್ಟ್ರು ಬಾಗಿಲಿಗೆ ಬಂದು ಕೈ ಬೀಸಿದರು. ಲೆಕ್ಕದ ಮೇಷ್ಟ್ರು ಬಂದು ನಿಂತರು. ಇವರು ಓಡಿದರು.

ಶೌಚಾಲಯದಲ್ಲಿ ಗೂಡುಗಳು ಮೂರಿದ್ದವು. ಒಂದಕ್ಕೆ ಬಾಗಿಲಿರಲಿಲ್ಲ, ಒಂದಕ್ಕೆ ನೀರಿರಲಿಲ್ಲ. ಎರಡೂ ಇದ್ದ ಒಂದರಲ್ಲಿ ಮೇಷ್ಟ್ರು ಕೂತು ಕಣ್ಣು ಮುಚ್ಚಿದರು. ಎದ್ದಾಗ ನೋಡಬಾರದೆಂದುಕೊಂಡರೂ ನೋಡಿದರು. ಬೆಳಗಿಗಿಂತ ಹೆಚ್ಚೇ ಇತ್ತು. ಸಂಜೆ ಐದು ಎನ್ನುವುದು ಎಷ್ಟೋ ದೂರದ ಊರಿನಂತೆ ಕಂಡಿತು.

ವಾಪಸು ಬಂದಾಗ ಲೆಕ್ಕದ ಮೇಷ್ಟ್ರು, "ಸಕ್ಕರೆ ಕಾಯಿಲೆನಾ?" ಎಂದು ಪಿಸುಗುಟ್ಟಿದರು. "ನಮ್ಮ ಮಾವನಿಗೂ ಹೀಗೇ. ಒಂದು ಬೇರು ತೇದು ಕುಡಿಸಿದ್ವಿ, ನಿಂತುಹೋಯ್ತು."

"ಸಕ್ಕರೆ ನಿಂತುಹೋಯ್ತಾ?"

"ಮಾವನೇ ನಿಂತುಹೋದ್ರು. ಅದು ಬೇರೆ ವಿಷಯ."

ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿನ ಗುಂಗುರು ಕೂದಲಿನ ಹುಡುಗ ಕಿರುಬೆರಳು ಎತ್ತಿದ. ಬೇರೆ ಮೇಷ್ಟ್ರಾಗಿದ್ದರೆ ಗದರಿಸಿ ಕೂರಿಸುತ್ತಿದ್ದರು. ಇವರ ಕಣ್ಣಲ್ಲಿ ನೀರೇ ಬಂತು. "ಹೋಗಪ್ಪ, ಹೋಗು. ಇಂಥದನ್ನೆಲ್ಲ ಯಾವತ್ತೂ ತಡ್ಕೋಬಾರ್ದು." ಹುಡುಗ ಹೊರಟ. ಆದರೆ ಆ ಮಾತು ಹುಡುಗನಿಗಿಂತ ಮೇಷ್ಟ್ರ ಹೊಟ್ಟೆಗೇ ಹೆಚ್ಚು ನಾಟಿತು. ಅವರು ಮತ್ತೆ ಕೈ ಬೀಸಿ, ಹುಡುಗನ ಹಿಂದೆಯೇ ಓಡಿದರು.

ಹುಡುಗ ಬಾಗಿಲೂ ನೀರೂ ಇದ್ದ ಗೂಡಿನಲ್ಲಿ ತುದಿಗಾಲಲ್ಲಿ ನಿಂತು ನೀರಿನ ತೊಟ್ಟಿಯ ಹಿಂದೆ ಕೈ ಹಾಕಿದ್ದ. ಹಿಂದೆ ಮೇಷ್ಟ್ರು ಪ್ರತ್ಯಕ್ಷರಾದದ್ದೇ, ಅವನ ಮುಖ ಒಣಗಿದ ಬಣ್ಣದ ತಟ್ಟೆಯಂತಾಯಿತು.

"ಆಯ್ತೇನಪ್ಪ? ಬೇಗ ಬಾ," ಎಂದರು ಮೇಷ್ಟ್ರು, ಗೋಡೆ ಹಿಡಿದುಕೊಂಡು.

"ಆಯ್ತು ಸಾರ್," ಎಂದು ಅವನು ಹಾರಿ ಹೊರಗೆ ಹೋದ. ಅವನು ಅಲ್ಲಿ ಏನು ಹುಡುಕುತ್ತಿದ್ದ ಎಂದು ಯೋಚಿಸುವ ಸ್ಥಿತಿಯಲ್ಲಿ ಮೇಷ್ಟ್ರು ಇರಲಿಲ್ಲ.

ಆಮೇಲೆ ಬೇರೆ ಕೋಣೆಗಳಿಂದಲೂ ಹುಡುಗರು ಒಬ್ಬೊಬ್ಬರಾಗಿ ಬಂದರು. ಯಾರು ಬಂದರೂ ಒಂದೋ ಡ್ರಾಯಿಂಗ್ ಮೇಷ್ಟ್ರು ಒಳಗಿರುತ್ತಿದ್ದರು, ಇಲ್ಲ ಹೊರಗೆ ಬರುತ್ತಿದ್ದರು, ಇಲ್ಲ ಮತ್ತೆ ಒಳಗೆ ಹೋಗುತ್ತಿದ್ದರು. ಹುಡುಗರು ಬರಿಗೈಯಲ್ಲಿ ಹಿಂದಿರುಗಿ, ಪೆನ್ನಿನ ಮುಚ್ಚಳ ಕಚ್ಚುತ್ತ ಸೂರು ನೋಡುತ್ತ ಕೂತರು.

ಲೆಕ್ಕದ ಮೇಷ್ಟ್ರು ಲೆಕ್ಕ ಹಾಕಿದರು. ಮೂಗು ಮುಚ್ಚಬೇಕಾದ ಕೋಣೆಯನ್ನು ಕೇಳಿ ಪಡೆದದ್ದು. ಎದೆಗವಚಿಕೊಂಡ ಚೀಲ. ಗಳಿಗೆಗೊಮ್ಮೆ ಹೊರಗೆ ಓಟ. ಮೂರನ್ನೂ ಕೂಡಿದಾಗ ಬಂದ ಉತ್ತರ ಹಿಡಿದುಕೊಂಡು ಹೆಡ್‌ಮೇಡಂ ಕೋಣೆಗೆ ಹೋದರು. "ಮೇಡಂ, ನಮ್ಮ ಡ್ರಾಯಿಂಗ್ ಮೇಷ್ಟ್ರು ಟಾಯ್ಲೆಟ್ಟಿನಲ್ಲಿ ಉತ್ತರ ಸರಬರಾಜು ಮಾಡ್ತಿದಾರೆ."

ಹೆಡ್‌ಮೇಡಂ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಯಾಕೆಂದರೆ ಅದೇ ಗಳಿಗೆಗೆ ಗೇಟಿನೊಳಗೆ ಜೀಪು ಬಂದಿತ್ತು. ನಕಲು ಹಿಡಿಯುವ ಸ್ಕ್ವಾಡು.

ಸ್ಕ್ವಾಡಿನ ಅಧಿಕಾರಿಯದು ಪೊದೆಮೀಸೆ, ಬೂಟಿನ ಸದ್ದು ದೂರದಿಂದಲೇ ಕೇಳುವ ನಡಿಗೆ. ಆ ಸದ್ದು ವರಾಂಡ ದಾಟಿ, ಕೊನೇ ಕೋಣೆ ದಾಟಿ ತಮ್ಮ ಕಡೆಗೇ ಬರುವುದನ್ನು ಡ್ರಾಯಿಂಗ್ ಮೇಷ್ಟ್ರು ಗೂಡಿನೊಳಗೆ ಕೂತು ಕೇಳಿದರು.

"ಒಳಗೆ ಯಾರು?"

"ಸೂಪರ್‌ವೈಸರು ಸಾರ್."

"ಕೋಣೆ ಬಿಟ್ಟು ಇಲ್ಲೇನ್ರೀ ಕೆಲಸ?"

ಮೇಷ್ಟ್ರು ನಲ್ಲಿ ತಿರುಗಿಸಿದರು. "ಒಂದು ನಿಮಿಷ ಸಾರ್," ಎಂದರು. ಹೊರಗೆ ಬಂದಾಗ ಅವರ ಮುಖ ಸುಣ್ಣ ಬಳಿದ ಗೋಡೆಯಂತಿತ್ತು. ಅಪರಾಧ ಮಾಡಿದವರ ಮುಖ ಹೀಗೇ ಇರುವುದೆಂದು ಲೆಕ್ಕದ ಮೇಷ್ಟ್ರು ಹೆಡ್‌ಮೇಡಂಗೆ ಕಣ್ಣಲ್ಲೇ ತೋರಿಸಿದರು.

ಅಧಿಕಾರಿ ಚೀಲ ತರಿಸಿ ಬಿಚ್ಚಿದರು. ಸೋಪು ಬಂತು. ಟವೆಲು ಬಂತು. ಆಮೇಲೆ ಇಸ್ತ್ರಿ ಮಾಡಿದ ಪ್ಯಾಂಟು ಬಂತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಜೇಬುಗಳನ್ನೆಲ್ಲ ಹೊರಗೆಳೆದು ನೋಡಿದರು.

"ಇದೇನ್ರೀ, ಪರೀಕ್ಷೆಗೆ ಎರಡನೇ ಪ್ಯಾಂಟು?"

"ಬಣ್ಣ ಚೆಲ್ಲತ್ತೆ ಸಾರ್. ನಾನು ಡ್ರಾಯಿಂಗ್ ಮೇಷ್ಟ್ರು."

"ಇವತ್ತಿರೋದು ವಿಜ್ಞಾನ ಪರೀಕ್ಷೆ," ಎಂದರು ಲೆಕ್ಕದ ಮೇಷ್ಟ್ರು, ಯಾರೂ ಕೇಳದೆ.

ಅಧಿಕಾರಿ ಮಾತಾಡದೆ ಗೂಡಿನೊಳಗೆ ಹೊಕ್ಕರು. ತೊಟ್ಟಿಯ ಹಿಂದೆ ಕೈ ಹಾಕಿದರು. ಒಂದು ಕಟ್ಟು ಚೀಟಿ ಬಂತು. ಕಿಟಕಿಯ ಸಂದಿನಿಂದ ಇನ್ನೊಂದು ಬಂತು. ಬಕೆಟ್ಟಿನ ತಳಕ್ಕೆ ಅಂಟಿಸಿದ್ದು, ಕೊಳವೆಗೆ ಸುತ್ತಿದ್ದು, ಹೀಗೆ ಒಂದು ಪಠ್ಯಪುಸ್ತಕವೇ ಹೊರಬಂತು. ಡ್ರಾಯಿಂಗ್ ಮೇಷ್ಟ್ರಿಗೆ ಕಣ್ಣು ಕತ್ತಲೆ ಬಂತು. ಕೆಲಸ ಹೋಯಿತು. ಆಸ್ಪತ್ರೆಗೆ ಸೇರಿದ ಮೇಲೆ ಸಂಬಳವೂ ಇಲ್ಲ. ಪುಟ್ಟಿಯ ಶಾಲೆಯಲ್ಲಿ ಮಕ್ಕಳು ಏನೆಂದು ಕೇಳಿಯಾರು?

ಅಧಿಕಾರಿ ಚೀಟಿಗಳನ್ನು ತಿರುವಿ ನೋಡಿದರು. ಒಂದರ ಮಡಿಕೆಯೂ ಬಿಚ್ಚಿರಲಿಲ್ಲ. ಕೋಣೆ ಕೋಣೆಗೆ ಹೋಗಿ ಹುಡುಗರನ್ನು ತಡಕಿ ಬಂದರು. ಯಾರ ಬಳಿಯೂ ಒಂದು ತುಂಡು ಕಾಗದ ಇರಲಿಲ್ಲ. ಕೊನೆಗೆ ಗುಂಗುರು ಕೂದಲಿನ ಹುಡುಗನನ್ನು ಗದರಿಸಿದಾಗ ಅವನು ಅಳುತ್ತ ಹೇಳಿದ: "ಚೀಟಿ ತಗೊಳೋಕೆ ಬಿಡ್ಲೇ ಇಲ್ಲ ಸಾರ್. ಯಾವಾಗ ಹೋದ್ರೂ ಡ್ರಾಯಿಂಗ್ ಸಾರ್ ಅಲ್ಲೇ ಇರ್ತಿದ್ರು."

ಅಧಿಕಾರಿ ತಿರುಗಿ ಡ್ರಾಯಿಂಗ್ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. "ಇಷ್ಟು ವರ್ಷದ ಸರ್ವೀಸಿನಲ್ಲಿ ಇಂಥ ಕಾವಲು ನೋಡಿಲ್ಲ. ಆ ವಾಸನೆಯಲ್ಲಿ, ಬೆಳಗಿಂದ ಕೂತು..."

"ಕೊನೇ ಕೋಣೆಗೆ ಅವರನ್ನ ನಾವೇ ಯೋಚ್ನೆ ಮಾಡಿ ಹಾಕಿದ್ದು," ಎಂದರು ಹೆಡ್‌ಮೇಡಂ ತಕ್ಷಣ.

"ನಾನೇ ಹಾಕಿದ್ದು," ಎಂದರು ಲೆಕ್ಕದ ಮೇಷ್ಟ್ರು.

ಅಧಿಕಾರಿ ಮೂಲೆಗೆ ಹೋಗಿ ಫೋನಿನಲ್ಲಿ ಯಾರು ಯಾರಿಗೋ ಅಪ್ಪಣೆ ಕೊಟ್ಟು ಬಂದರು. ಮೇಷ್ಟ್ರಿಗೆ ಅದು ಕಿವಿಗೆ ಬೀಳಲಿಲ್ಲ. ಅವರ ಗಮನವೆಲ್ಲ ಹೊಟ್ಟೆಯ ಮೇಲಿತ್ತು. ಕೊನೇ ಗಂಟೆ ಹೊಡೆದು, ಫೋನು ಕೈಗೆ ಬಂದು, ಇನ್ನೇನು ಗೇಟು ದಾಟಬೇಕು ಎನ್ನುವಾಗ ಅಧಿಕಾರಿ ಹೆಗಲ ಮೇಲೆ ಕೈ ಹಾಕಿದರು.

"ಎಲ್ಲಿಗೆ? ಜೀಪು ಹತ್ತಿ. ಇವತ್ತಿಂದ ನೀವು ನಮ್ಮ ಸ್ಕ್ವಾಡು. ಮಧ್ಯಾಹ್ನದ ಪರೀಕ್ಷೆಗೆ ಬೇರೆ ಕೇಂದ್ರಗಳಿಗೆ ಹೋಗ್ಬೇಕು. ರಾತ್ರಿ ಮನೆಗೆ ಬಿಡ್ತೀವಿ. ನಿಮ್ಮ ಹೆಡ್‌ಮೇಡಂ ಆಗ್ಲೇ ಸಹಿ ಹಾಕಿ ಆಯ್ತು."

ಮೇಷ್ಟ್ರಿಗೆ ಭಯವೇ ಬಾಯಿ ಕೊಟ್ಟಿತು. ಇಷ್ಟು ದಿನ ಮುಚ್ಚಿಟ್ಟದ್ದನ್ನೆಲ್ಲ ಅಂಗಳದ ಮಧ್ಯೆ ನಿಂತು ಹೇಳಿಬಿಟ್ಟರು. "ಸಾರ್, ನಾನು ಯಾರನ್ನೂ ಕಾಯ್ಲಿಲ್ಲ. ನಂಗೆ ಕರುಳಿನ ಕಾಯಿಲೆ. ಹುಣ್ಣಾಗಿ ರಕ್ತ ಹೋಗತ್ತೆ. ನಿಜವಾಗ್ಲೂ ಹೋಗ್ಲೇಬೇಕಾಗಿ ಹೋದದ್ದು. ಸಂಜೆ ಐದರೊಳಗೆ ಡಾಕ್ಟರ ಹತ್ರ ಹೋಗ್ದಿದ್ರೆ ಆಸ್ಪತ್ರೇನೇ ಗತಿ."

ಅಧಿಕಾರಿ ಮೀಸೆ ಕುಣಿಸಿ ನಕ್ಕರು. ಕಣ್ಣೊರೆಸಿಕೊಂಡು ಲೆಕ್ಕದ ಮೇಷ್ಟ್ರ ಕಡೆ ತಿರುಗಿದರು. "ಕೇಳಿದ್ರಾ? ಎಂಥ ನೆಪ. ಹುಡುಗರಿಗೆ ಒಂದು ಚೂರೂ ಅನುಮಾನ ಬರಲ್ಲ. ಮೇಷ್ಟ್ರೇ, ಇದನ್ನೇ ಎಲ್ಲ ಶಾಲೆಯಲ್ಲೂ ಹೇಳಿ. ರಕ್ತ ಅಂದ್ರಲ್ಲ, ಅದಂತೂ ಬಿಡ್ಲೇಬೇಡಿ."

"ಬೆಳಿಗ್ಗೆ ನನಗೂ ಮಂಡಿ ನೋವು ಅಂದಿದ್ರು," ಎಂದರು ಲೆಕ್ಕದ ಮೇಷ್ಟ್ರು ಹೆಮ್ಮೆಯಿಂದ. ಇಬ್ಬರೂ ಸೇರಿ ಅವರನ್ನು ಜೀಪಿಗೆ ಹತ್ತಿಸಿದರು.

ಜೀಪು ಹೊರಟಿತು. ಪ್ರತಿ ಹಳ್ಳಕ್ಕೂ ಮೇಷ್ಟ್ರು ಸೀಟಿನ ಅಂಚು ಬಿಗಿಹಿಡಿದರು. ಒಂದೇ ಸಮಾಧಾನವೆಂದರೆ, ಹೋಗುತ್ತಿದ್ದ ಶಾಲೆ ಅವರ ತಲೆಯ ನಕಾಶೆಯಲ್ಲಿತ್ತು. ಹೊಸ ಕಟ್ಟಡ, ಬಿಳಿ ಟೈಲ್ಸು, ಎಲ್ಲ ಬಾಗಿಲಿಗೂ ಚಿಲಕ. ಅಲ್ಲಿಯವರೆಗೆ ತಡೆದುಕೊಂಡರೆ ಆಯಿತು.

ಫೋನು ಗುಂಯ್‌ಗುಟ್ಟಿತು. ಹೆಂಡತಿ. "ಡಾಕ್ಟರ ಹತ್ರ ಹೊರಟ್ರಾ?"

"ಜೀಪಿನಲ್ಲಿದೀನಿ."

"ಯಾರ ಜೀಪು?"

ಅಧಿಕಾರಿ ನಗುತ್ತ ಫೋನು ಕಿತ್ತುಕೊಂಡರು. "ನಮಸ್ಕಾರ ತಾಯಿ. ನಿಮ್ಮ ಯಜಮಾನರು ಇಡೀ ದಿನ ನಮ್ಮ ಜೊತೆ ಸ್ಕ್ವಾಡಿನಲ್ಲಿ ಇರ್ತಾರೆ. ನೀವು ಅದೃಷ್ಟವಂತರು."

ಆ ಕಡೆಯ ದನಿ ಡ್ರೈವರಿಗೂ ಕೇಳುವಷ್ಟು ಗಟ್ಟಿಯಾಗಿತ್ತು. "ಅದೆಲ್ಲ ಇರ್ಲಿ ಸಾರ್. ನೀವು ಕರ್ಕೊಂಡು ಹೋಗ್ತಿರೋ ಕಡೆ ಟಾಯ್ಲೆಟ್ ಇದೆಯಾ?"

ಅಧಿಕಾರಿ ಮೆಚ್ಚುಗೆಯಿಂದ ಮೇಷ್ಟ್ರ ಮುಖ ನೋಡಿದರು. "ಮನೆಯವರಿಗೂ ಅದೇ ಯೋಚನೆ ನೋಡಿ." ಆಮೇಲೆ ಫೋನಿಗೆ ಹೇಳಿದರು: "ನೀವೇನೂ ಚಿಂತೆ ಮಾಡ್ಬೇಡಿ ತಾಯಿ. ನಿಮ್ಮ ಯಜಮಾನರು ನಮ್ಮ ಕಣ್ಣು ತೆರೆಸಿದ ಮೇಲೆ ಎಲ್ಲ ಕೇಂದ್ರಕ್ಕೂ ಆರ್ಡರ್ ಕಳಿಸಿ ಆಯ್ತು. ಪರೀಕ್ಷೆ ಮುಗಿಯೋವರೆಗೆ ಯಾವ ಶಾಲೆಯಲ್ಲೂ ಟಾಯ್ಲೆಟ್ ಬಾಗಿಲು ತೆರೆಯಲ್ಲ. ಬೀಗ ಹಾಕಿ ಅರಗಿನ ಸೀಲು ಒತ್ತಿದಾರೆ."

ಮೇಷ್ಟ್ರ ಹೊಟ್ಟೆ ದೀರ್ಘವಾಗಿ ಗುಡುಗಿತು.

ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ಆಕಾಶ ನೋಡಿದ. "ಮೋಡವೇ ಇಲ್ಲವಲ್ಲ ಸಾರ್," ಎಂದು ಗೇರು ಬದಲಾಯಿಸಿ, ಜೀಪನ್ನು ಹಳ್ಳಕ್ಕೆ ಇಳಿಸಿದ.