ಮಾವನ ಕಿವಿಗೆ ಜರಡಿ

ಮಧುಗಿರಿಯಲ್ಲಿ ಬರೀ ಕಿವಿಯಿಂದ ಹೊಟ್ಟೆ ಹೊರೆದ ಮನುಷ್ಯ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ. ನಂಬುವುದಿಲ್ಲವೇ? ನಂಬಬೇಡಿ, ನನಗೇನು ನಷ್ಟ! ಕಡಲೆಕಾಯಿ ಮಂಡಿಯಲ್ಲಿ ಈತ ಮೂಟೆಯಿಂದ ಒಂದು ಕಾಯಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಗಲಗಲ ಅನ್ನದಿದ್ದರೆ "ಹಸಿ" ಎಂದುಬಿಡುತ್ತಿದ್ದ. ಮುಗಿಯಿತು, ಆ ಮೂಟೆ ಮತ್ತೆ ಬಿಸಿಲಿಗೆ!

ಕೆಲಸ ಬಿಟ್ಟ ಮೇಲೆ ಆ ಕಿವಿಗೆ ಹೆಡ್‌ಫೋನಿನ ಹುಚ್ಚು ಹಿಡಿಯಿತು. ಮೊದಲು ತಂದದ್ದು ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು. ಅದನ್ನು ಏರಿಸಿದರೆ ಮಾವ ಮನೆಯಲ್ಲಿ ಇದ್ದೂ ಇಲ್ಲದಂತೆ. ಅತ್ತೆಗೋ, ಗಂಟಲಿನ ಆಪರೇಷನ್ ಆದ ಮೇಲೆ ಉಳಿದಿರುವುದು ಪಿಸುಮಾತು ಮಾತ್ರ. ಒಂದು ಮಧ್ಯಾಹ್ನ ಬಚ್ಚಲಲ್ಲಿ ಜಾರಿ ಬಿದ್ದು ಆಕೆ ಕರೆದೇ ಕರೆದಳು. ಮಾವ ಪಡಸಾಲೆಯಲ್ಲಿ ತಲೆದೂಗುತ್ತಾ ಕೂತಿದ್ದ. ಕೊನೆಗೆ ಚೊಂಬು ಎಸೆದು ಎಚ್ಚರಿಸಬೇಕಾಯಿತು!

"ನನ್ ಮಾತು ಕೇಳ್ಸಂಗಿದ್ರೆ ಮನೇಲಿರು. ಇಲ್ದಿದ್ರೆ ಆ ಡಬ್ಬ ಕಟ್ಕಂಡು ಮಂಡಿಗೇ ಹೋಗು" ಎಂದು ಅತ್ತೆ ಪಿಸುಗುಟ್ಟಿದಳು. ಪಿಸುಮಾತಿನ ಬೈಗುಳದ ಉರಿ ಬೈಸಿಕೊಂಡವರಿಗೇ ಗೊತ್ತು.

ಬುದ್ಧಿಯಿದ್ದವರು ಹೆಡ್‌ಫೋನನ್ನೇ ಬಿಡುತ್ತಿದ್ದರು. ಮಾವ ನನ್ನನ್ನು ಎಳೆದುಕೊಂಡು ಶಿರಾಕ್ಕೆ ಹೊರಟ. ಅಲ್ಲಿನ ಅಂಗಡಿಯವನು ಬೆನ್ನು ತೆರೆದ ಹೆಡ್‌ಫೋನ್ ತೋರಿಸಿದ. ಎರಡೂ ಕಡೆ ಜರಡಿಯಂಥ ಜಾಲರಿ. ಒಳಗಿನ ಹಾಡು ಆಚೆಗೆ, ಆಚೆಯ ಗಲಾಟೆ ಒಳಗೆ. ಇದಕ್ಕೆ ದುಡ್ಡು ಬೇರೆ ಕೊಡಬೇಕೆ?

"ಮನೇಲಿ ಕೂತು ಕೇಳಕ್ಕೆ ಇದೇ ಸರಿ ಚಾಚಾ. ಆವಾಜ್ ಖುಲ್ಲಾ ಇರ್ತೈತೆ, ರೇಟೂ ಕಮ್ಮಿ."

ಮಾವ ಅದನ್ನು ಕಿವಿಯ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸಿದ. "ಗಲಗಲ ಅನ್ನಲ್ವಲ್ಲಯ್ಯಾ, ಹಸಿ ಮಾಲು!"

"ಅಯ್ಯೋ ಚಾಚಾ, ಇದು ಗಲಗಲ ಅಂದ್ರೇನೇ ಖರಾಬ್!"

ಆಮೇಲೆ ನನ್ನ ಸರದಿ. ಮಾವ ಅದನ್ನು ಹಾಕಿಕೊಂಡು ಅಪ್ಪಣೆ ಕೊಡಿಸಿದ: "ಲೇ, ಬಾಗ್ಲಲ್ಲಿ ನಿಂತ್ಕಂಡು 'ನೀರು' ಅನ್ನು. ಕೂಗ್‌ಬ್ಯಾಡ, ನಿಮ್ಮತ್ತೆ ಥರ ಪಿಸುಗುಟ್ಟು." ಮೂರು ಹೆಡ್‌ಫೋನ್ ಮುಗಿಯುವವರೆಗೂ ಪೇಟೆ ಬೀದಿಯಲ್ಲಿ ನಿಂತು "ನೀರು, ನೀರು" ಎಂದೆ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಅಯ್ಯೋ ಪಾಪ ಎಂದು ಬಾಟಲಿಯನ್ನೇ ಕೊಟ್ಟುಹೋದಳು! ಮೂರನೆಯದು, ಎಲ್ಲಕ್ಕಿಂತ ಅಗ್ಗದ್ದು, ಪಾಸಾಯಿತು.

ಬಸ್ಸಿನಲ್ಲಿ ನನ್ನ ಸಹನೆ ಮುಗಿದಿತ್ತು. "ಹಾಡೂ ಕೇಳ್ಬೇಕು, ಅತ್ತೇನೂ ಕೇಳ್ಬೇಕು ಅಂದ್ರೆ ಮೊಬೈಲಲ್ಲೇ ಜೋರಾಗಿ ಹಾಕ್ಕಂಡು ಕೇಳು ಮಾವ. ಇದ್ಯಾಕೆ?"

"ಅದು ಅವ್ಳ ಕಿವೀಗ್ ಬೀಳ್ಬಾರ್ದು ಕಣ್ಲಾ" ಎಂದು ಮಾವ ಕಿಟಕಿಯ ಕಡೆ ತಿರುಗಿದ. ಈ ವಯಸ್ಸಿನಲ್ಲಿ ಅದೆಂಥ ಹಾಡು ಕೇಳುತ್ತಾನೋ ಎಂದು ನಾನು ಒಳಗೊಳಗೇ ನಕ್ಕೆ.

ಮನೆಯಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದಳು. ಮಾವ ಪಕ್ಕದಲ್ಲೇ ಕೂತು ಹೆಡ್‌ಫೋನ್ ಏರಿಸಿದ. ಅವನ ಅರಿವಿಗೇ ಬಾರದಂತೆ ಜಾಲರಿಯಿಂದ ಸಣ್ಣಗೆ ಹಾಡು ಸೋರತೊಡಗಿತು. ಕಿವಿಗೊಟ್ಟ ನನಗೆ ನಾಚಿಕೆಯಾಯಿತು. ಅದು ನನ್ನ ಮದುವೆಯಲ್ಲಿ ಅತ್ತೆ ಹಾಡಿದ ಸೋಬಾನೆ, ಯಾರೋ ಮೊಬೈಲಿನಲ್ಲಿ ಹಿಡಿದಿಟ್ಟದ್ದು. ಚಪ್ಪರವೆಲ್ಲ ತುಂಬಿದ್ದ ಆ ದನಿ!

ಅತ್ತೆಯ ಕೈ ನಿಂತಿತು. ಮಾವ ಗಾಬರಿಯಿಂದ ಹೆಡ್‌ಫೋನ್ ಕೀಳಲು ಹೋದ. ಆಕೆ ಬಿಡಲಿಲ್ಲ. ಹತ್ತಿರ ಸರಿದು ಜಾಲರಿಗೆ ತನ್ನ ಕಿವಿ ಆನಿಸಿ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ, ನನಗೇ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ, "ಇಲ್ಲಿ ರಾಗ ತಪ್ಪಿದೀನಿ" ಎಂದಳು.

"ಎಲ್ಲೂ ತಪ್ಪಿಲ್ಲ ಬುಡು" ಎಂದ ಮಾವ.